ಹನ್ನೊಂದು ಗಂಟೆಗೆ ಬರುವ ಡಬ್ಬಿ

ಕಂಪ್ಯೂಟರಿನ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಸಣ್ಣ ಡಬ್ಬಿ ಟಿಣ್ ಎಂದು ಏಳುತ್ತದಲ್ಲ, ಅದರ ತಲೆಯ ಮೇಲಿನ ಗುಣಾಕಾರದ ಗುರುತನ್ನು ಒತ್ತಿ ಮುಚ್ಚಲು ನನಗೆ ಅರ್ಧ ಸೆಕೆಂಡು ಸಾಕು. ಈ ವಿದ್ಯೆಯಲ್ಲಿ ನಮ್ಮ ಕಚೇರಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಮೊನ್ನೆ ಮೊನ್ನೆಯವರೆಗೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ. ಏಕೆಂದರೆ ನಾನು ಹಾಗೆ ಮುಚ್ಚಿದ ಡಬ್ಬಿಗಳಲ್ಲಿ ಒಂದರೊಳಗೆ ಮೂರೂವರೆ ವರ್ಷದ ಹುಡುಗಿಯೊಬ್ಬಳ ಶಾಲೆ ಇತ್ತು. ಅವಳ ತಾಯಿ ದಿನಾ ಅವಳ ಪಕ್ಕದಲ್ಲಿ ಕೂಡಬಹುದೋ ಇಲ್ಲವೋ ಎಂಬುದು ನಾನು ಬರೆಯಬೇಕಿದ್ದ ಎರಡು ಸಾಲಿನ ಟಿಪ್ಪಣಿಯ ಮೇಲೆ ನಿಂತಿತ್ತು. ನಾನು ಟಿಪ್ಪಣಿ ಬರೆಯಲಿಲ್ಲ, ಡಬ್ಬಿ ಮುಚ್ಚಿದೆ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ. ನಡುವೆ ಬೇರೆ ಮಾತಿಗೆ ಜಾರಿದರೆ, ನಾಚಿಕೆಪಟ್ಟ ಮನುಷ್ಯ ನೇರ ದಾರಿ ಹಿಡಿಯುವುದಿಲ್ಲ ಎಂದು ತಿಳಿದು ಕ್ಷಮಿಸಿಬಿಡಿ.

ಕಲಬುರಗಿಯ ಸೇಡಂ ರಸ್ತೆಯಲ್ಲಿ ನಮ್ಮ ಕಚೇರಿ. ಹೆಸರು ಬೇಡ. ತಪ್ಪು ನನ್ನದು, ಬೋರ್ಡಿಗೆ ಯಾಕೆ ಮಸಿ? ನಾನು ಅಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುವವನು. ಯಾರಿಗೆ ರಜೆ, ಯಾರಿಗೆ ಎಲ್ಲಿಗೆ ವರ್ಗ ಎಂಬ ಕಾಗದಗಳೆಲ್ಲ ನನ್ನ ಮೇಜನ್ನು ಹಾದೇ ಹೋಗಬೇಕು. ಎರಡು ವರ್ಷದ ಹಿಂದೆ ಕಾಗದ ಹೋಗಿ ಕಂಪ್ಯೂಟರ್ ಬಂತು. ಪತ್ರ, ಪಟ್ಟಿ, ಕ್ಯಾಲೆಂಡರ್ ಎಲ್ಲ ಒಂದೇ ಕಡೆ ಸಿಗುವ ತಂತ್ರಾಂಶ ಬಂತು. ಅದರ ಹಿಂದೆಯೇ ಈ ಡಬ್ಬಿಗಳೂ ಬಂದವು. ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳುವಿರಾ?’ ‘ಪಾಸ್‌ವರ್ಡ್ ಹಳತಾಗಿದೆ, ಬದಲಿಸುವಿರಾ?’ ‘ಜಾಗ ತುಂಬುತ್ತಿದೆ.’ ‘ನಮ್ಮ ಸೇವೆ ಹೇಗಿದೆ, ಐದು ನಕ್ಷತ್ರ ಕೊಡುವಿರಾ?’ ಬಸ್ ನಿಲ್ದಾಣದಲ್ಲಿ ಕಿಟಕಿಗೆ ಬಂದು ಶೇಂಗಾ, ಸೌತೆಕಾಯಿ, ನೀರಿನ ಬಾಟಲಿ ಎಂದು ಕೂಗುವವರಾದರೂ ಬಸ್ಸು ಹೊರಟ ಮೇಲೆ ಬಿಡುತ್ತಾರೆ. ಇವು ಬಿಡುವುದಿಲ್ಲ. ಪ್ರತಿ ಡಬ್ಬಿಯಲ್ಲೂ ಎರಡು ಗುಂಡಿ: ಒಂದು ‘ಮುಚ್ಚು’, ಇನ್ನೊಂದು ‘ಐದು ನಿಮಿಷ ಬಿಟ್ಟು ನೆನಪಿಸು’. ಮೊದಮೊದಲು ನಾನು ಸಭ್ಯನಂತೆ ಎರಡನೆಯದನ್ನು ಒತ್ತುತ್ತಿದ್ದೆ. ಐದೈದು ನಿಮಿಷಕ್ಕೆ ಸಭ್ಯತೆ ಸವೆದು ಹೋಯಿತು. ಆಮೇಲೆ ಓದುವುದನ್ನೂ ಬಿಟ್ಟೆ.

ನೆನಪಿಸುವುದು ಎಂಬುದೇನು ಹೊಸದಲ್ಲ. ನಮ್ಮ ಅಜ್ಜಿ ಸೀರೆಯ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಸೋಮವಾರ ಉಪ್ಪು ತರಿಸಬೇಕು, ಒಂದು ಗಂಟು. ನೆರೆಮನೆಯ ಬಾಣಂತಿಗೆ ಅಂಟಿನುಂಡೆ ಕಳಿಸಬೇಕು, ಇನ್ನೊಂದು ಗಂಟು. ಕೆಲಸ ಆದ ಮೇಲೆಯೇ ಗಂಟು ಬಿಚ್ಚುತ್ತಿದ್ದಳು. ಒಮ್ಮೊಮ್ಮೆ ಯಾತಕ್ಕೆ ಹಾಕಿದ ಗಂಟು ಎಂಬುದೇ ಮರೆತು ಹೋಗಿ, ಗಂಟು ಹಿಡಿದು ಅಂಗಳದಲ್ಲಿ ಕೂತು ಯೋಚಿಸುತ್ತಿದ್ದಳೇ ಹೊರತು ಬಿಚ್ಚುತ್ತಿರಲಿಲ್ಲ. ಕಚೇರಿಗಳಲ್ಲಿ ಈ ಗಂಟಿಗೆ ‘ನೆನಪೋಲೆ’ ಎಂದು ಹೆಸರು. ಮೊದಲ ಪತ್ರಕ್ಕೆ ಯಾರೂ ಅಲ್ಲಾಡುವುದಿಲ್ಲ. ನೆನಪೋಲೆ ಒಂದು ಬಂದಾಗ ಕಡತದ ಧೂಳು ಒರೆಸುತ್ತಾರೆ, ಎರಡು ಬಂದಾಗ ತೆರೆಯುತ್ತಾರೆ, ಮೂರು ಬಂದಾಗ ಓದುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ಹಿರಿಯರು ಕಲಿಸಿದ ಮೊದಲ ಪಾಠವೇ ಇದು. ಆ ಪಾಠವನ್ನು ಮಾತ್ರ ನಾನು ಎಂದೂ ಮರೆಯಲಿಲ್ಲ.

ಇನ್ನು ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಯಾರಾದರೂ ಕೆಲಸ ಕೇಳಿಕೊಂಡು ಬಂದರೆ ನಾವು ‘ಆಗಂಗಿಲ್ಲ’ ಎನ್ನುವುದಿಲ್ಲ. ಮುಖ ಮುರಿದಂತಾಗುತ್ತದೆ. ‘ಮಾಡೂಣ್ರಿ, ಸ್ವಲ್ಪ ನೆನಪ ಮಾಡ್ರಿ’ ಎನ್ನುತ್ತೇವೆ. ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು, ಇದು ಬಾಗಿಲವರೆಗೆ ಕಳಿಸಿಕೊಡುವ ಮಾತು. ಛಾ ಕುಡಿಸಿದಷ್ಟೇ ಇದರ ತೂಕ. ನಾನು ದಿನಕ್ಕೆ ಹತ್ತು ಜನಕ್ಕೆ ಈ ಮಾತು ಹೇಳುತ್ತೇನೆ. ಅವರಲ್ಲಿ ಒಂಬತ್ತು ಜನ ಮತ್ತೆ ಬರುವುದಿಲ್ಲ, ಹತ್ತನೆಯವನು ಬಂದರೆ ಅವನಿಗೂ ಇದನ್ನೇ ಹೇಳುತ್ತೇನೆ.

ಜನವರಿಯಲ್ಲಿ ಮಹಾದೇವಿ ಬಂದಳು. ಕಮಲಾಪುರದ ನಮ್ಮ ಶಾಖೆಯಲ್ಲಿ ಗುಮಾಸ್ತೆ, ಮನೆ ತಾಜಸುಲ್ತಾನಪುರದಲ್ಲಿ. ಅವಳ ಮಗಳು ದಾನಮ್ಮನಿಗೆ, ಮನೆಯವರ ಬಾಯಲ್ಲಿ ದಾನು, ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಆಪರೇಷನ್ ಮಾಡಿ ಕಿವಿಯ ಹಿಂದೆ ಯಂತ್ರ ಕೂಡಿಸಿದ್ದರು. ಆದರೆ ಯಂತ್ರ ಸದ್ದು ತಂದು ಕೊಟ್ಟರೆ ಸಾಲದಂತೆ, ಆ ಸದ್ದು ಏನು ಎಂದು ಮಗುವಿಗೆ ಒಂದೊಂದಾಗಿ ಕಲಿಸಬೇಕಂತೆ. ಅದಕ್ಕೊಂದು ಮಾತಿನ ತರಗತಿ ನಮ್ಮ ಕಚೇರಿಯ ಎದುರಿಗೇ ಇದೆ, ಬೆಳಿಗ್ಗೆ ಒಂಬತ್ತರಿಂದ ಹತ್ತು. ತಾಯಿ ಜೊತೆಗೆ ಕೂತು ಕಲಿಯಲೇಬೇಕು, ಮನೆಯಲ್ಲಿ ಉಳಿದ ಹೊತ್ತೆಲ್ಲ ಕಲಿಸುವವಳು ಅವಳೇ ತಾನೆ? ಹೊಸ ತರಗತಿ ಜೂನಿನಲ್ಲಿ ಶುರು. ಹತ್ತಕ್ಕೆ ಕಮಲಾಪುರದಲ್ಲಿರಬೇಕಾದವಳು ಎಂಟೂವರೆಗೇ ಬಸ್ಸು ಹತ್ತಬೇಕು. ಕಲಬುರಗಿಗೇ ವರ್ಗವಾದರೆ ತರಗತಿ ಮುಗಿಸಿ ರಸ್ತೆ ದಾಟಿದರೆ ಆಯಿತು, ಕಚೇರಿ. ನಮ್ಮ ಟಪಾಲು ವಿಭಾಗದಲ್ಲಿ ಒಂದು ಕುರ್ಚಿಯೂ ಖಾಲಿ ಇತ್ತು. ಮಾರ್ಚ್ ಕೊನೆಗೆ ವರ್ಗಾವಣೆ ಪಟ್ಟಿ ಮೇಲೆ ಹೋಗುವುದರೊಳಗೆ ‘ಇವರನ್ನು ಪರಿಗಣಿಸಬಹುದು’ ಎಂದು ನಾನು ಎರಡು ಸಾಲು ಬರೆದರೆ ಮುಗಿಯುತ್ತಿತ್ತು.

ಇಷ್ಟನ್ನೂ ಅವಳು ನಿಂತೇ ಹೇಳಿದಳು. ಕೂಡ್ರಿ ಎಂದರೂ ಕೂಡಲಿಲ್ಲ. ನನಗೆ ನಿಜವಾಗಿ ಮರುಕ ಬಂತು. “ಮಾಡ್ತೀನಿ ತಂಗಿ, ಇದು ಮಾಡೂ ಕೆಲಸನೇ ಅದ. ಸ್ವಲ್ಪ ನೆನಪ ಮಾಡ್ರಿ” ಎಂದೆ.

“ಹ್ಯಾಂಗ ನೆನಪ ಮಾಡ್ಲಿ ಸರ್? ಫೋನ್ ಹಚ್ಚಿದ್ರ ನಿಮಗ ತ್ರಾಸ ಆಗ್ತದ” ಎಂದಳು ಅವಳು. ಅವಳು ಮಾತನ್ನು ಮಾತೆಂದೇ ತಿಳಿದಿದ್ದಳು. ಅದು ನನಗೆ ಆಗಲೇ ಹೊಳೆಯಬೇಕಿತ್ತು. ನಾನು ದೊಡ್ಡ ಮನುಷ್ಯನ ಹಾಗೆ ಕಂಪ್ಯೂಟರಿನ ಕಡೆ ಕೈ ಮಾಡಿ, “ಈಗ ಎಲ್ಲಾ ಇದರಾಗೇ ಅದ ಅಲ್ಲ? ಇದರಾಗ ಹಾಕಿಬಿಡ್ರಿ” ಎಂದೆ.

ಕ್ಯಾಲೆಂಡರಿನಲ್ಲಿ, ತನಗೂ ನನಗೂ ಬರುವಂತೆ ಹಾಕಿದಳು. ಮರುದಿನ ಪರದೆಯ ಮೇಲೆ ಏನೋ ಒಂದು ‘ಒಪ್ಪಿಗೆಯೇ?’ ಎಂದು ಕೇಳಿತು, ಒಪ್ಪಿಗೆ ಎಂದು ಒತ್ತಿದೆ. ಅಂದಿನಿಂದ ದಿನಾ ಹನ್ನೊಂದು ಗಂಟೆಗೆ ಸರಿಯಾಗಿ ಟಿಣ್. ನಾನು ಮುಚ್ಚು. ಮರುದಿನ ಟಿಣ್, ಮುಚ್ಚು. ಅದರ ಮೇಲೆ ಅಚ್ಚ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದಿತ್ತು ಎಂದು ಈಗ ನನಗೆ ಗೊತ್ತು. ಅಕ್ಷರ ಮೂಡಿರಲಿಲ್ಲ, ಕನ್ನಡಕ ಇರಲಿಲ್ಲ ಎಂದು ಸುಳ್ಳು ಹೇಳಲು ನಾಲಿಗೆ ಏಳುತ್ತಿಲ್ಲ. ಹನ್ನೊಂದಕ್ಕೆ ನನ್ನ ಛಾ ಬರುವ ಹೊತ್ತು. ಒಂದು ಕೈಯಲ್ಲಿ ಕಪ್ಪು, ಒಂದು ಕೈಯಲ್ಲಿ ಮುಚ್ಚುವ ಕಾಯಕ. ಫೆಬ್ರವರಿಯಲ್ಲಿ ಕಮಲಾಪುರದ ಟಪಾಲಿನ ಜೊತೆ ಒಂದು ಗೊನೆ ಕೆಂಪು ಬಾಳೆಹಣ್ಣು ಬಂತು, ಮಹಾದೇವಿ ಕಳಿಸಿದ್ದು. ಆ ಊರಿನ ಕೆಂಪು ಬಾಳೆಯ ರುಚಿ ತಿಂದವರಿಗೇ ಗೊತ್ತು. ಮನೆಯಲ್ಲಿ ಕೂತು ಸುಲಿದು ತಿನ್ನುವಾಗಲೂ ನನಗೆ ನೆನಪಾಗಲಿಲ್ಲ. ಒಳ್ಳೆಯ ಹೆಣ್ಣುಮಗಳು, ಎಷ್ಟು ಮರ್ಯಾದೆ ನೋಡು ಎಂದು ಹೆಂಡತಿಗೆ ಹೇಳಿ ಇನ್ನೊಂದು ಸುಲಿದೆ.

ಮಾರ್ಚ್ ನಡುವೆ ನನಗೆ ಆ ಡಬ್ಬಿಯ ಮೇಲೆ ಖರೇ ಸಿಟ್ಟು ಬಂತು. ಉಳಿದವು ಬಂದರೂ ಹೊತ್ತುಗೊತ್ತಿಲ್ಲದೆ ಬರುತ್ತಿದ್ದವು, ಇದೊಂದು ಮಾತ್ರ ಸಾಲ ಕೊಟ್ಟವನ ಹಾಗೆ ಗಂಟೆ ನೋಡಿಕೊಂಡು ಬರುತ್ತಿತ್ತು. ನಮ್ಮಲ್ಲಿ ಕಂಪ್ಯೂಟರ್ ಕೆಟ್ಟರೆ ಎಲ್ಲರೂ ಕರೆಯುವುದು ದೇಶಪಾಂಡೆಯವರನ್ನು. ನಿವೃತ್ತಿಗೆ ಒಂದೇ ವರ್ಷ ಬಾಕಿ ಇರುವ ಹಿರಿಯರು, ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಕಂಪ್ಯೂಟರಿನ ಮುಂದೆ ಎರಡೂ. ಅವರು ಮೊದಲ ದಿನ ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದರು. ಎರಡನೆಯ ದಿನ ಸದ್ದು ತೆಗೆದರು. ಸದ್ದಿಲ್ಲದೆ ಎದ್ದು ನಿಂತ ಡಬ್ಬಿ ಇನ್ನೂ ಕೆಟ್ಟದಾಗಿ ಕಂಡಿತು. ಮೂರನೆಯ ದಿನ ಕನ್ನಡಕ ಏರಿಸಿ, “ಅರೇ ಬಾಬಾ, ಇದು ರೋಗ ಅಲ್ಲ ಸಾಹೇಬ್ರ, ಯಾರೋ ಹಚ್ಚಿ ಇಟ್ಟದ್ದು ಅದ. ಇದೊಂದನ್ನು ತಗೀಲೇನು, ಇಡೀ ಸಾಲು ತಗೀಲೇನು ಅಂತ ಕೇಳ್ತದ” ಎಂದರು.

“ಇಡೀ ಸಾಲು ತಗೀರಿ.”

“ಕಳಿಸಿದವರಿಗೆ ತಿಳಿಸ್ಲೇನು ಅಂತ ಕೇಳ್ತದ.”

ಕಳಿಸಿದವರು ಎಂದರೆ ಯಾವುದೋ ಕಂಪನಿ ಎಂದುಕೊಂಡ ನಾನು, “ತಿಳಸ್ರಿ, ತಿಳಸ್ರಿ! ಒಮ್ಮೆ ಬುದ್ಧಿ ಬರ್ಲಿ ಅವರಿಗೆ” ಎಂದೆ.

ದೇಶಪಾಂಡೆಯವರನ್ನು ದೂರುವಂತಿಲ್ಲ. ಅವರು ಗುಂಡಿಗಳ ಮೇಲಿನ ಅಕ್ಷರ ಓದುವವರು. ಮೇಲಿನ ಸಾಲು ಓದಬೇಕಾದವನು ನಾನು, ಮೇಜು ನನ್ನದು. ಮರುದಿನ ಹನ್ನೊಂದಾಯಿತು, ಹನ್ನೊಂದೂ ಹತ್ತಾಯಿತು, ಡಬ್ಬಿ ಬರಲಿಲ್ಲ. ಆ ಖುಷಿಗೆ ಇಡೀ ವಿಭಾಗಕ್ಕೆ ಸುಸಲಾ, ಮಿರ್ಚಿ ಭಜಿ ತರಿಸಿ ಹಂಚಿದೆ. ತಿಂಗಳ ಕೊನೆಗೆ ವರ್ಗಾವಣೆ ಪಟ್ಟಿ ಮೇಲೆ ಹೋಯಿತು. ಮಹಾದೇವಿಯ ಹೆಸರು ಅದರಲ್ಲಿ ಇರಲಿಲ್ಲ. ಟಪಾಲಿನ ಖಾಲಿ ಕುರ್ಚಿಗೆ ಬೇರೆಯವರು ಬಂದು ಕೂತರು. ನಾನೇ ಅವರಿಗೆ ಕೈ ಕುಲುಕಿ ಬರಮಾಡಿಕೊಂಡೆ.

ಇಲ್ಲಿಗೆ ಮುಗಿದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗದೆ ಮಾಡಿದ ತಪ್ಪುಗಳು ಇನ್ನೆಷ್ಟಿವೆಯೋ ಎಂದು ಈಗ ಒಮ್ಮೊಮ್ಮೆ ಲೆಕ್ಕ ಹಾಕಲು ಹೊರಟು ಹೆದರಿ ಬಿಟ್ಟುಬಿಡುತ್ತೇನೆ. ದೇಶಪಾಂಡೆಯವರಿಂದ ಕಲಿತ ಒಂದು ಮದ್ದಿನಿಂದ ನಾನು ದಿಢೀರ್ ವೈದ್ಯನಾದೆ. ಆ ಮೇಜಿನ ಡಬ್ಬಿ, ಈ ಮೇಜಿನ ಡಬ್ಬಿ, ಎಲ್ಲ ನಾನೇ ತೆಗೆದುಕೊಟ್ಟೆ. ‘ಸಾಹೇಬ್ರ ಕೈಗುಣ ಛಲೋ ಅದ’ ಎಂದು ಹೊಗಳಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಐಶ್ವರ್ಯ ಇಷ್ಟೇ ಆದರೂ ಕೊಡೆ ದೊಡ್ಡದಿತ್ತು. ಜುಲೈನಲ್ಲಿ ಶಾಖೆಗಳ ತಪಾಸಣೆಗೆಂದು ಕಮಲಾಪುರಕ್ಕೆ ಹೋಗಬೇಕಾದಾಗ, ಅಲ್ಲಿನ ಕಂಪ್ಯೂಟರಿನಲ್ಲೂ ಡಬ್ಬಿಗಳ ಕಾಟವಿದೆಯಂತೆ, ನೋಡಿಕೊಡುತ್ತೇನೆ ಎಂದು ಎಲ್ಲರಿಗೂ ಸಾರಿಯೇ ಬಸ್ಸು ಹತ್ತಿದೆ.

ಶಾಖೆಯಲ್ಲಿ ಆ ಕಂಪ್ಯೂಟರ್ ಇದ್ದದ್ದು ಮಹಾದೇವಿಯ ಮೇಜಿನ ಮೇಲೆ. “ಬರ್ರಿ ಸರ್, ಕೂಡ್ರಿ, ಆರಾಮ ಅದೀರಿ?” ಎಂದು ಕುರ್ಚಿ ಬಿಟ್ಟು ಎದ್ದಳು. ನಾನು ಕೂತು ಒಂದೊಂದೇ ಡಬ್ಬಿ ತೆಗೆಯತೊಡಗಿದೆ. ಸುತ್ತ ನಾಲ್ಕು ಜನ ನಿಂತು ನೋಡುತ್ತಿದ್ದರಾದ್ದರಿಂದ ವ್ಯಾಖ್ಯಾನವೂ ನಡೆದಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದಾಯಿತು. ಟಿಣ್.

ಓದಿದೆ. ನಾಲ್ಕು ಜನರ ಮುಂದೆ ವೈದ್ಯನಾಗಿ ಕೂತವನು ಓದಲೇಬೇಕಲ್ಲ. ‘ಸರ್, ನೆನಪು ಮಾಡಲು ಹೇಳಿದ್ದಿರಿ. ಕಲಬುರಗಿಗೆ ವರ್ಗದ ಅರ್ಜಿ, ದಾನುವಿನ ತರಗತಿ ಸಲುವಾಗಿ. ಮಾರ್ಚ್ ಕೊನೆಯೊಳಗೆ. ನಿಮ್ಮ ಮಹಾದೇವಿ.’ ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರು, ನನ್ನ ಹೆಸರಿನ ಮುಂದೆ ‘ನಿರಾಕರಿಸಿದ್ದಾರೆ’.

ಮಹಾದೇವಿ ಗಡಬಡಿಸಿ ಮುಂದೆ ಬಂದಳು. “ಅದು ಬ್ಯಾಡ್ರಿ ಸರ್, ಅದು ಹಳೇದದ. ಅದರದೇನೂ ತ್ರಾಸ ಇಲ್ಲ.”

ಉಳಿದವರು ಛಾದ ಕಡೆ ಹೋಗುವ ತನಕ ಸುಮ್ಮನೆ ಮೌಸ್ ಅಲ್ಲಾಡಿಸುತ್ತ ಕೂತೆ. ಆಮೇಲೆ ಕೇಳಿದೆ: “ಒಂದು ಮಾತರ ಕೇಳಬಾರದೇನು ತಂಗಿ ನನಗ?”

“ನೀವು ಆಗಂಗಿಲ್ಲ ಅಂತ ಜವಾಬು ಕಳಸಿದ್ರಲ್ಲ ಸರ್. ವಿಚಾರ ಮಾಡೇ ಅಂದಿರತೀರಿ. ದೊಡ್ಡವರಿಗೆ ಮತ್ತ ಮತ್ತ ಏನು ಕೇಳೂದು?” ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

“ಮತ್ತ ಇದನ್ನ ಯಾಕ ತಗದಿಲ್ಲ?”

“ನಿಮ್ಮ ಕಡೀದು ನೀವು ತಗದ್ರಿ. ನನ್ನ ಕಡೀದು ಇರ್ಲಿ ಅಂತ ಬಿಟ್ಟೀನ್ರಿ. ನಾನೂ ಮರತ್ರ ಆಕೀಗೆ ಯಾರಿದ್ದಾರ?”

ದಾನು ಹೇಗಿದ್ದಾಳೆ ಎಂದು ಕೇಳಿದೆ. ತರಗತಿ ಜೂನಿನಲ್ಲೇ ಶುರುವಾಗಿದೆ, ಅತ್ತೆ ಕರೆದುಕೊಂಡು ಹೋಗುತ್ತಾರೆ ಎಂದಳು. “ಅತ್ತಿಗೂ ಈಗ ಕಿವಿ ಮಂದ ಆಗ್ಯಾವ್ರಿ. ಟೀಚರ್ ಹೇಳಿದ್ದು ಅರ್ಧ ಕೇಳ್ತಾರ, ಮನಿಗೆ ಬರೂದ್ರಾಗ ಅದರಾಗ ಅರ್ಧ ಮರೀತಾರ. ಡೋಲು ಬಡದ್ರ ಹೊಳ್ಳಿ ನೋಡ್ತಾಳ್ರಿ ದಾನು. ಸಣ್ಣ ಸಪ್ಪಳ ಇನ್ನಾ ಗೊತ್ತಾಗಂಗಿಲ್ಲ.” ಹೇಳುತ್ತ ಹೇಳುತ್ತ ನಕ್ಕಳು. ಆ ನಗು ನನ್ನನ್ನು ಸಮಾಧಾನ ಮಾಡುವುದಕ್ಕೆ ಎಂದು ತಿಳಿದು ನಾನು ತಲೆ ತಗ್ಗಿಸಿದೆ. “ತಪ್ಪಾತವಾ, ನಾನು ಓದೇ ಇಲ್ಲ” ಎಂದೆ. ಮೂವತ್ತು ವರ್ಷದ ಸೇವೆಯಲ್ಲಿ ನನಗಿಂತ ಕಿರಿಯರಿಗೆ ನಾನು ಹೇಳಿದ ಮೊದಲ ತಪ್ಪಾತು ಅದು. ಅವಳು ತನಗೇನೂ ಕೇಳಿಸಲಿಲ್ಲ ಎಂಬಂತೆ ಕಡತ ಜೋಡಿಸುತ್ತ ನಿಂತಳು.

ಹೊರಡುವಾಗ ಮತ್ತೆ ಒಂದು ಗೊನೆ ಕೆಂಪು ಬಾಳೆಹಣ್ಣು ತಂದಿಟ್ಟಳು. ಬೇಡ ಎಂದರೆ ಅವಳಿಗೆ ಅವಮಾನ, ತೆಗೆದುಕೊಂಡರೆ ನನಗೆ. ನನ್ನ ಪಾಲಿಗೆ ಬಂದದ್ದನ್ನೇ ತೆಗೆದುಕೊಂಡೆ. ಬಸ್ಸಿನಲ್ಲಿ ಜಾಗ ಸಿಕ್ಕಿತು, ಗೊನೆಯನ್ನು ತೊಡೆಯ ಮೇಲಿಟ್ಟುಕೊಂಡು ಕಲಬುರಗಿಯವರೆಗೆ ಬಂದೆ. ಅಷ್ಟು ಭಾರದ ಬಾಳೆಹಣ್ಣನ್ನು ನಾನು ಎಂದೂ ಹೊತ್ತಿರಲಿಲ್ಲ. ಪಕ್ಕದವರು, “ಭಾಳ ಛಲೋ ಹಣ್ಣು ಅವರೀ, ಎಲ್ಲಿ ತಗೊಂಡ್ರಿ?” ಎಂದು ಕೇಳಿದರು. ಒಂದು ಹಣ್ಣು ಮುರಿದು ಅವರ ಕೈಗಿಟ್ಟೆ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಸಮಾಧಾನದ ಮಾತು ಬರಬಹುದೆಂದು ಕಾದೆ. ಅವಳು ಬಾಳೆಹಣ್ಣಿನ ಗೊನೆಯನ್ನು ಮೊಳೆಗೆ ತೂಗುಹಾಕುತ್ತ, “ನನಗೇನು ಹೊಸದಲ್ಲ ಬಿಡ್ರಿ. ನಾ ಮಾತಾಡ್ಲಾಕತ್ತಾಗ ಹೂಂ ಹೂಂ ಅಂತೀರಿ, ಇಪ್ಪತ್ತೆಂಟು ವರ್ಷ ಆತು, ಒಂದೂ ಓದಿಲ್ಲ” ಎಂದಳು.

ಮರುದಿನ ಎರಡು ಸಾಲಿನ ಟಿಪ್ಪಣಿ ಬರೆಯಲು ನಾಲ್ಕು ನಿಮಿಷ ಹಿಡಿಯಿತು. ಬರೆದು ಕಂಪ್ಯೂಟರಿನಲ್ಲಿ ಬಿಡಲಿಲ್ಲ, ಕಾಗದ ಮಾಡಿ ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ನಾನೇ ಒಯ್ದೆ. ಖಾಲಿ ಕುರ್ಚಿ ಹೋಗಿತ್ತಲ್ಲ, ತಾತ್ಕಾಲಿಕ ನಿಯೋಜನೆ ಎಂಬ ಸಂದು ಹುಡುಕಬೇಕಾಯಿತು. ನಾಲ್ಕು ನಿಮಿಷದ ಕೆಲಸಕ್ಕೆ ಈಗ ಎರಡು ತಿಂಗಳು ಬೇಕಾಯಿತು. ಹೋದಲ್ಲೆಲ್ಲ ನನಗೂ ಅದೇ ಉತ್ತರ ಸಿಕ್ಕಿತು: “ಮಾಡೂಣ್ರಿ ಸಾಹೇಬ್ರ, ಸ್ವಲ್ಪ ನೆನಪ ಮಾಡ್ರಿ.” ನೆನಪು ಮಾಡುತ್ತಲೇ ಹೋದೆ. ನನ್ನನ್ನು ಕಂಡರೆ ಜನ ಕಡತದಲ್ಲಿ ಮುಖ ಹುದುಗಿಸುವುದನ್ನು ನೋಡಿದೆ. ಡಬ್ಬಿಯಾಗಿ ಬದುಕುವುದು ಎಷ್ಟು ಕಷ್ಟವೆಂದು ಆಗ ಅರ್ಥವಾಯಿತು. ದೇಶಪಾಂಡೆಯವರನ್ನು ಕರೆದು ಹನ್ನೊಂದು ಗಂಟೆಯ ಡಬ್ಬಿಯನ್ನು ಮರಳಿ ಹಾಕಿಕೊಡಿ ಎಂದೂ ಕೇಳಿಕೊಂಡೆ. “ಸದ್ದು ಹಚ್ಚಿ?” ಎಂದರು. ಸದ್ದು ಹಚ್ಚಿಯೇ ಎಂದೆ. “ತಗದಾಗ ಭಜಿ ತಿನಸಿದ್ರಿ, ಈಗ ಹಾಕೂದಕ್ಕ ಏನು ತಿನಸ್ತೀರಿ?” ಎಂದು ನಗುತ್ತ ಹಾಕಿಕೊಟ್ಟರು. ಅದರ ಮೇಲೆ ನಾನೇ ಎರಡು ಪದ ಬರೆದೆ: ‘ಯಾರು ಕೇಳಿದ್ದಾರೆ?’ ಅಜ್ಜಿ ತನ್ನ ಸೆರಗಿಗೆ ತಾನೇ ಗಂಟು ಹಾಕಿಕೊಳ್ಳುತ್ತಿದ್ದುದು ಯಾಕೆಂದು ಐವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

ಸೆಪ್ಟೆಂಬರಿನಲ್ಲಿ ಆದೇಶ ಬಂತು. ಮಹಾದೇವಿ ಈಗ ಬೆಳಿಗ್ಗೆ ತರಗತಿಯಲ್ಲಿ ಮಗಳ ಪಕ್ಕ ಕೂತು, ಅತ್ತೆಯ ಜೊತೆ ಮಗಳನ್ನು ಮನೆಗೆ ಕಳಿಸಿ, ರಸ್ತೆ ದಾಟಿ ಬರುತ್ತಾಳೆ. ಹೋದ ಮೂರು ತಿಂಗಳು ಹೋದವು, ಅವನ್ನು ಯಾವ ಆದೇಶದಲ್ಲೂ ಹಿಂದಿನ ದಿನಾಂಕ ಹಾಕಿ ತರಿಸಲಾಗುವುದಿಲ್ಲ. ತರಗತಿಯಲ್ಲಿ ದಾನು ಉಳಿದ ಮಕ್ಕಳಿಗಿಂತ ಹಿಂದಿದ್ದಾಳೆ ಎಂದು ಮಹಾದೇವಿ ನನಗೆ ಹೇಳಲಿಲ್ಲ. ಕೇಳಿ ತಿಳಿದುಕೊಂಡೆ.

ಕಳೆದ ವಾರ ಒಂದು ದಿನ ಅತ್ತೆಗೆ ಜ್ವರ. ದಾನುವನ್ನು ಕಚೇರಿಗೇ ಕರೆತಂದು, “ಒಂದ ತಾಸು ಇಲ್ಲೇ ಕೂಡ್ಲಿ ಏನ್ರಿ ಸರ್?” ಎಂದಳು ಮಹಾದೇವಿ. ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂಡಿಸಿ, ಹಳೆಯ ನೆನಪೋಲೆಯೊಂದರ ಬೆನ್ನನ್ನೂ ಒಂದು ಪೆನ್ಸಿಲನ್ನೂ ಕೊಟ್ಟೆ. ಎರಡು ಜಡೆ, ಕಿವಿಯ ಹಿಂದೆ ಗುಂಡನೆಯ ಯಂತ್ರ, ನಾಲಿಗೆ ಸ್ವಲ್ಪ ಹೊರಗೆ. ಬಹಳ ಶ್ರದ್ಧೆಯಿಂದ ಬಸ್ಸೋ ಎಮ್ಮೆಯೋ ಒಂದನ್ನು ಬರೆಯುತ್ತಿದ್ದಳು. ಮಹಾದೇವಿ ಪಕ್ಕದಲ್ಲಿ ನಿಂತು ನನ್ನಿಂದ ಒಂದು ಸಹಿ ಹಾಕಿಸಿಕೊಳ್ಳುತ್ತಿದ್ದಳು. ಹನ್ನೊಂದಾಯಿತು.

ಟಿಣ್.

ದಾನುವಿನ ಪೆನ್ಸಿಲು ನಿಂತಿತು. ತಲೆ ಎತ್ತಿದಳು. ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ, ನೆಟ್ಟಗೆ ಕಂಪ್ಯೂಟರನ್ನು ನೋಡಿದಳು. ಆಮೇಲೆ ಒಂದು ಬೆರಳನ್ನು ಕಿವಿಯ ಹತ್ತಿರ ಒಯ್ದು ಅಮ್ಮನ ಕಡೆ ತಿರುಗಿದಳು. ಮಹಾದೇವಿ ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟು ಮಗಳ ಕಡೆ ಬಾಗಿದಳು. ನಾನು ತಿಂಗಳುಗಟ್ಟಲೆ ಕೇಳಿಸಿಕೊಳ್ಳದ ಸದ್ದನ್ನು ಆ ಮಗು ಒಂದೇ ಸಲಕ್ಕೆ ಕೇಳಿಸಿಕೊಂಡಿತ್ತು.

ದಾನು ಬೆರಳಿನಿಂದ ಪರದೆಯನ್ನು ತೋರಿಸಿ, ಇನ್ನೊಮ್ಮೆ ಎಂಬಂತೆ ತಲೆ ಅಲ್ಲಾಡಿಸಿದಳು. ನನ್ನ ಕೈ ಅಭ್ಯಾಸದಂತೆ ‘ಮುಚ್ಚು’ ಗುಂಡಿಯ ಮೇಲೆ ಹೋಗಿತ್ತು. ಹಿಂದಕ್ಕೆ ತೆಗೆದು, ಪಕ್ಕದ್ದನ್ನು ಒತ್ತಿದೆ, ಐದು ನಿಮಿಷ ಬಿಟ್ಟು ನೆನಪಿಸು. ಮಹಾದೇವಿಯೂ ಈ ಸಲ ಹೇಳಿಸಿಕೊಳ್ಳದೆ ಕುರ್ಚಿ ಎಳೆದುಕೊಂಡು ಕೂತಳು. ನನ್ನ ಛಾ ಬಂದು ಆರಿ ಹೋಯಿತು. ಐದು ನಿಮಿಷ ನಾವು ಮೂವರೂ ಆ ಸದ್ದಿಗಾಗಿ ಕಾಯುತ್ತ ಕೂತಿದ್ದೆವು.